ಇಂಗ್ಲಿಷ್ ಏಕವಚನ, ಬಹುವಚನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಓದುವ ಹುಡುಗರು ಬರುತ್ತಾರೆ, ಅಂಗಡಿ ಇಟ್ಟವರು ಬರುತ್ತಾರೆ, ಮಕ್ಕಳ ಹೋಮ್‌ವರ್ಕ್ ನೋಡಿಕೊಡಬೇಕು ಅಂತ ಅಮ್ಮಂದಿರು ಬರುತ್ತಾರೆ, ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸುಸ್ತಾಗಿ ವಾಪಸ್ ಬಂದವರೂ ಒಂದು ಗಂಟೆ ಕೂತು ಹೋಗುತ್ತಾರೆ. ದೊಡ್ಡ ದೊಡ್ಡ ವ್ಯಾಕರಣವನ್ನು ಹೇಗೋ ದಾಟಿಬಿಡುತ್ತಾರೆ. ಈ 'ಎಸ್' ಅನ್ನುವ ಒಂದೇ ಅಕ್ಷರ ಮಾತ್ರ ಎಲ್ಲರ ಕಾಲಿಗೂ ಸಿಗುತ್ತದೆ. ಹಾಕಬೇಕಾದ ಕಡೆ ಬಿಡುತ್ತಾರೆ, ಬಿಡಬೇಕಾದ ಕಡೆ ಹಾಕುತ್ತಾರೆ. ಅದೇ ಪ್ರಶ್ನೆಗೆ ಅದೇ ಉತ್ತರ ಹೇಳಿ ಹೇಳಿ ಗಂಟಲು ಕಟ್ಟಿತು, ಅದಕ್ಕೇ ಬರೆದಿಟ್ಟಿದ್ದೇನೆ. ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರದಲ್ಲೇ ಇವೆ, ಸ್ಪೆಲ್ಲಿಂಗ್ ಮುಖ್ಯವಾದ ಕಡೆ ಬಿಡಿಸಿ ಹೇಳಿದ್ದೇನೆ.

ಏಕವಚನ ಅಂದರೆ ಮರ್ಯಾದೆ ಕೊಡದೆ ಮಾತಾಡುವುದು ಅಲ್ವಾ? ಇಂಗ್ಲಿಷಲ್ಲಿ ಅಪ್ಪನಿಗೆ ಏಕವಚನ ಹಾಕುವುದು ಹೇಗೆ?

ನಗಬೇಡಿ, ಇದು ನಿಜವಾಗಿ ಬರುವ ಪ್ರಶ್ನೆ. ನಮ್ಮಲ್ಲಿ ಏಕವಚನ, ಬಹುವಚನ ಎರಡೆರಡು ಕೆಲಸ ಮಾಡುತ್ತವೆ. ಒಂದು, ಎಷ್ಟು ಅಂತ ಹೇಳುವುದು. ಇನ್ನೊಂದು, ಎದುರಿಗಿರುವವರನ್ನು ಎಲ್ಲಿ ಕೂರಿಸಿದ್ದೇವೆ ಅಂತ ಹೇಳುವುದು. "ಏಕವಚನದಲ್ಲಿ ಮಾತಾಡಿಸಿಬಿಟ್ಟ" ಅಂತ ಜಗಳಗಳೇ ಆಗಿವೆ. ನಮ್ಮ ಮಂಡ್ಯ ಕಡೆ "ಏನ್ಲಾ, ಬಾರ್ಲಾ" ಅಂದರೆ ಪ್ರೀತಿ, ಅದು ಬೇರೆ ಮಾತು. ಇಂಗ್ಲಿಷ್ ನಾಮಪದಕ್ಕೆ ಎರಡನೇ ಕೆಲಸ ಇಲ್ಲವೇ ಇಲ್ಲ. ಅದು ತಲೆ ಎಣಿಸುತ್ತದೆ ಅಷ್ಟೇ. ಅಪ್ಪ ಒಬ್ಬರೇ, ಹಾಗಾಗಿ 'ಮೈ ಫಾದರ್ ಈಸ್'. ತಾತನ ಮೇಲಿನ ಗೌರವಕ್ಕೆ 'ಮೈ ಗ್ರ್ಯಾಂಡ್‌ಫಾದರ್ ಆರ್ ಎ ಫಾರ್ಮರ್' ಅಂತ ಬರೆದ ಹುಡುಗ ನನ್ನ ಕ್ಲಾಸಲ್ಲೇ ಇದ್ದ. ಮನಸ್ಸು ಒಳ್ಳೆಯದು, ಮಾರ್ಕ್ಸ್ ಹೋಯಿತು.

ಒಂದು ಕಾಲಕ್ಕೆ ಇಂಗ್ಲಿಷಲ್ಲೂ ನೀನು, ನೀವು ಇತ್ತು. 'ದೌ' ಅಂದರೆ ನೀನು, 'ಯೂ' ಅಂದರೆ ನೀವು. ದೊಡ್ಡವರಿಗೆ ಬಹುವಚನ ಹಾಕುವ ನಮ್ಮ ಅಭ್ಯಾಸವೇ ಅಲ್ಲೂ ಬಂತು. ಬರಬರುತ್ತಾ ಕಂಡ ಕಂಡವರಿಗೆಲ್ಲ ನೀವು ಅನ್ನಲು ಶುರು ಮಾಡಿ ನೀನು ಮೂಲೆ ಸೇರಿತು. ಹಾಗಾಗಿ ಇವತ್ತು ಇಂಗ್ಲಿಷಲ್ಲಿ ನಾಯಿಯನ್ನೂ ನೀವು ಅಂತಲೇ ಕರೆಯುತ್ತಾರೆ ಅನ್ನಬಹುದು! ಒಬ್ಬರೇ ಇದ್ದರೂ 'ಯೂ ಆರ್' ಅನ್ನುವುದು ಆ ಹಳೆಯ ಬಹುವಚನದ ಗುರುತು.

'ಟೂ ಇಡ್ಲಿ', 'ಫೈವ್ ಕಿಲೋಮೀಟರ್' ಅಂದರೆ ಏನು ತಪ್ಪು? ಎರಡು, ಐದು ಅಂತ ಹೇಳಿದ್ದೇವಲ್ಲ?

ಪ್ರಶ್ನೆಯಲ್ಲೇ ಉತ್ತರ ಇದೆ ನೋಡಿ. ಕನ್ನಡದ ತಲೆ ಹೀಗೇ ಓಡುತ್ತದೆ. ಸಂಖ್ಯೆ ಹೇಳಿದ ಮೇಲೆ ಮತ್ತೆ 'ಗಳು' ಯಾಕೆ? ಹೋಟೆಲಲ್ಲಿ ಕೂತು "ಎರಡು ಇಡ್ಲಿಗಳನ್ನು ಕೊಡಿ" ಅಂದರೆ ಸಪ್ಲೈಯರ್ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ. ನಾಲ್ಕು ತೆಂಗಿನಕಾಯಿ, ಮೂರು ಎಕರೆ ಗದ್ದೆ, ಹತ್ತು ರೂಪಾಯಿ. ಜೇಬಿನಿಂದ ಒಂದು ನೋಟು ತೆಗೆದು ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಸಾಲು ಓದಿ, 'ರೂಪಾಯಿಗಳು' ಅಂತ ಅಚ್ಚಾಗಿರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಅದೇ ನೋಟು ಕೊಡುವಾಗ ಯಾರಾದರೂ "ತಗೊಳಿ, ಹತ್ತು ರೂಪಾಯಿಗಳು" ಅಂತಾರಾ?

ಇಂಗ್ಲಿಷ್ ಒಂದೇ ಮಾತನ್ನು ಎರಡು ಸಲ ಹೇಳಿಸುತ್ತದೆ. 'ಟೂ' ಅನ್ನುವುದರಲ್ಲಿ ಒಂದು ಸಲ, 'ಇಡ್ಲೀಸ್' ಅನ್ನುವುದರ 'ಎಸ್'ನಲ್ಲಿ ಇನ್ನೊಂದು ಸಲ. ವ್ಯರ್ಥ ಅನಿಸಬಹುದು, ಆದರೆ ನಿಯಮ ಅದೇ. ಇಷ್ಟಕ್ಕೂ ಇದು ನಮಗೆ ಹೊಸದೇನಲ್ಲ. ಮನುಷ್ಯರ ವಿಷಯ ಬಂದಾಗ ನಾವೂ ಹಾಗೇ ಮಾಡುತ್ತೇವೆ. "ಇಬ್ಬರು ಹುಡುಗ ಬಂದರು" ಅಂತ ಯಾರೂ ಹೇಳುವುದಿಲ್ಲ, "ಇಬ್ಬರು ಹುಡುಗರು" ಅಂತಲೇ ಹೇಳುತ್ತೇವೆ. ನಾನು ಕ್ಲಾಸಲ್ಲಿ ಹೇಳುವ ಉಪಾಯ ಇಷ್ಟೇ: ಇಂಗ್ಲಿಷಿಗೆ ಹೋದಾಗ ಇಡ್ಲಿಯನ್ನೂ ಹುಡುಗರ ಸಾಲಿಗೆ ಸೇರಿಸಿ. ಇಬ್ಬರು ಹುಡುಗರು, ಎರಡು ಇಡ್ಲಿಗಳು, ಐದು ಕಿಲೋಮೀಟರುಗಳು. ಮೊದಲು ಕನ್ನಡದಲ್ಲಿ ಈ ಥರ ಅಂದುಕೊಂಡು ಆಮೇಲೆ ಬಾಯಿ ಬಿಟ್ಟರೆ 'ಎಸ್' ತಾನಾಗೇ ಬರುತ್ತದೆ.

'ಎಷ್ಟು', 'ಕೆಲವು', 'ಸುಮಾರು' ಬಂದಾಗಲೂ ಇದೇ ಕಥೆ. "ಎಷ್ಟು ಪುಸ್ತಕ ಇದೆ?" ಅನ್ನುವುದು ಒಳ್ಳೆ ಕನ್ನಡ. ಅದನ್ನೇ 'ಹೌ ಮೆನಿ ಬುಕ್ ಈಸ್ ದೇರ್' ಅಂತ ಎತ್ತಿಟ್ಟರೆ ಎರಡು ತಪ್ಪು. 'ಹೌ ಮೆನಿ ಬುಕ್ಸ್ ಆರ್ ದೇರ್' ಆಗಬೇಕು. ನಾವು "ಎರಡು ಬಸ್ಸು ಬಂತು" ಅಂತ ಕ್ರಿಯಾಪದವನ್ನೂ ಏಕವಚನದಲ್ಲೇ ಮುಗಿಸಿಬಿಡುತ್ತೇವಲ್ಲ, ಆ ಅಭ್ಯಾಸ ಸುಮ್ನೆ ಬಿಡುವುದಿಲ್ಲ.

ಒಂದೂವರೆ, ಅರ್ಧ, ಸೊನ್ನೆ ಇದಕ್ಕೆಲ್ಲ ಏನು?

ಒಂದಕ್ಕಿಂತ ಒಂದು ಚೂರು ಜಾಸ್ತಿ ಆದರೂ ಬಹುವಚನ. 'ಒನ್ ಅಂಡ್ ಎ ಹಾಫ್ ಅವರ್ಸ್'. ಅರ್ಧ ಗಂಟೆಗೆ 'ಹಾಫ್ ಆನ್ ಅವರ್'. ಸೊನ್ನೆಗೆ ಬಹುವಚನ, 'ಜೀರೋ ಮಾರ್ಕ್ಸ್'. ಏನೂ ಇಲ್ಲದ್ದಕ್ಕೆ ಬಹುವಚನ ಯಾಕೆ ಅಂತ ಕೇಳಬೇಡಿ. ಇಂಗ್ಲಿಷಲ್ಲಿ ಇಲ್ಲದ್ದು ಬಹಳ ಇದ್ದ ಹಾಗೆ.

'ಟೂ ಡಜನ್ಸ್' ಸರಿಯಾ? 'ಫೈವ್ ಲ್ಯಾಕ್ಸ್'?

ಡಜನ್, ಹಂಡ್ರೆಡ್, ಥೌಸಂಡ್ ಹಿಂದೆ ಖಚಿತ ಸಂಖ್ಯೆ ಇದ್ದರೆ ಅವಕ್ಕೆ 'ಎಸ್' ಬೇಡ. ಎರಡು ಡಜನ್ ನಂಜನಗೂಡು ರಸಬಾಳೆಗೆ 'ಟೂ ಡಜನ್ ಬನಾನಾಸ್'. ಹಣ್ಣಿಗೆ 'ಎಸ್', ಡಜನ್ನಿಗೆ ಇಲ್ಲ. ಸಂಖ್ಯೆ ಗೊತ್ತಿಲ್ಲದೆ ಡಜನ್‌ಗಟ್ಟಲೆ, ಸಾವಿರಾರು ಅನ್ನುವ ಹಾಗಿದ್ದರೆ 'ಡಜನ್ಸ್ ಆಫ್', 'ಥೌಸಂಡ್ಸ್ ಆಫ್'. ದಸರಾ ಮೆರವಣಿಗೆಗೆ ಬರುವುದು ಥೌಸಂಡ್ಸ್ ಆಫ್ ಪೀಪಲ್, ಚಿನ್ನದ ಅಂಬಾರಿಯ ತೂಕ ಸೆವೆನ್ ಹಂಡ್ರೆಡ್ ಅಂಡ್ ಫಿಫ್ಟಿ ಕಿಲೋಸ್. ಲಕ್ಷಕ್ಕೂ ಇದನ್ನೇ ಪಾಲಿಸಿ, 'ಫೈವ್ ಲ್ಯಾಕ್ ರುಪೀಸ್'. 'ಲ್ಯಾಕ್ಸ್' ಅಂತ ಚೆಕ್ಕಿನ ಮೇಲೆ ಬರೆಯುವವರು ತುಂಬ ಜನ ಇದ್ದಾರೆ, ಅದಕ್ಕೆ ಯಾರೂ ಚೆಕ್ ವಾಪಸ್ ಕಳಿಸಿಲ್ಲ.

ಹಾಗಾದರೆ 'ಟೆನ್ ರುಪೀಸ್ ನೋಟ್' ಅನ್ನಬೇಕಾ?

ಬೇಡ! ಇಲ್ಲಿ ಮಾತ್ರ ನಮ್ಮ ಕನ್ನಡದ ದಾರಿಯೇ ಸರಿ. ಹತ್ತು ರೂಪಾಯಿ ನೋಟು, 'ಟೆನ್ ರುಪೀ ನೋಟ್'. ಸಂಖ್ಯೆ ಮತ್ತು ಪದ ಎರಡೂ ಸೇರಿ ಇನ್ನೊಂದು ನಾಮಪದದ ಮುಂದೆ ನಿಂತರೆ 'ಎಸ್' ಬಿದ್ದುಹೋಗುತ್ತದೆ. 'ಎ ಟೆನ್ ಇಯರ್ ಓಲ್ಡ್ ಬಾಯ್', 'ಎ ತ್ರೀ ಡೇ ಟ್ರಿಪ್', 'ಎ ಫೈವ್ ಕಿಲೋಮೀಟರ್ ವಾಕ್'. ಬರೆಯುವಾಗ ನಡುವೆ ಅಡ್ಡಗೆರೆ ಬರುತ್ತದೆ.

ಹಣ, ದೂರ, ಸಮಯವನ್ನು ಒಟ್ಟು ಮೊತ್ತವಾಗಿ ಹೇಳಿದರೆ ಕ್ರಿಯಾಪದ ಏಕವಚನ. 'ಟೆನ್ ರುಪೀಸ್ ಈಸ್ ಎನಫ್'. ಇನ್ನು ಪೈಸೆ. ಭಾರತದ ಇಂಗ್ಲಿಷಲ್ಲಿ ಒಂದಕ್ಕೆ 'ಪೈಸಾ', ಜಾಸ್ತಿಗೆ 'ಪೈಸೆ'. ಅದು ಹಿಂದಿಯ ಬಹುವಚನ, ನಾಣ್ಯದ ಮೇಲಿನ ಇಂಗ್ಲಿಷಲ್ಲೂ ಹಾಗೇ ಬಂದು ಕೂತಿದೆ. ನಾವು ಕನ್ನಡದಲ್ಲಿ ಒಂದಕ್ಕೂ ಪೈಸೆ ಅಂತೀವಿ, ಐವತ್ತಕ್ಕೂ ಪೈಸೆ ಅಂತೀವಿ.

ಯಾವಾಗ 'ಎಸ್', ಯಾವಾಗ 'ಇ ಎಸ್', ಯಾವಾಗ 'ಐ ಇ ಎಸ್'?

ಇದು ಎಲ್ಲ ಪುಸ್ತಕದಲ್ಲೂ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಸ, ಶ, ಚ, ಕ್ಸ್ ಸದ್ದಲ್ಲಿ ಮುಗಿದರೆ 'ಇ ಎಸ್': ಬಸಸ್, ಬ್ರಶಸ್, ಬೆಂಚಸ್, ಬಾಕ್ಸಸ್. ಕೊನೆಯಲ್ಲಿ 'ವೈ' ಇದ್ದು ಅದರ ಹಿಂದೆ ವ್ಯಂಜನ ಇದ್ದರೆ 'ವೈ' ತೆಗೆದು 'ಐ ಇ ಎಸ್': ಸಿಟೀಸ್, ಫ್ಯಾಕ್ಟರೀಸ್. ಹಿಂದೆ ಸ್ವರ ಇದ್ದರೆ ಸುಮ್ನೆ 'ಎಸ್': ಡೇಸ್, ಕೀಸ್. ಹೆಸರುಗಳಲ್ಲಿ ಮಾತ್ರ 'ವೈ' ಮುಟ್ಟಬಾರದು. ರೆಡ್ಡಿ ಮನೆಯವರಿಗೆ 'ದ ರೆಡ್ಡೀಸ್' ಅಂತ ಬರೆಯುವಾಗ 'ವೈ' ಇದ್ದಲ್ಲೇ ಇರಲಿ, 'ಎಸ್' ಸೇರಿಸಿ ಸಾಕು.

'ಓ'ದಲ್ಲಿ ಮುಗಿಯುವವು ಸ್ವಲ್ಪ ಕಾಟ. ಪೊಟೇಟೋ, ಟೊಮೇಟೋ, ಹೀರೋಗಳಿಗೆ 'ಇ ಎಸ್'. ಫೋಟೋ, ರೇಡಿಯೋ, ಪಿಯಾನೋ, ವಿಡಿಯೋಗಳಿಗೆ ಬರೀ 'ಎಸ್'. ಮ್ಯಾಂಗೋಗೆ ಎರಡೂ ನಡೆಯುತ್ತದೆ, ಮಾವಿನ ಹಣ್ಣಿನ ವಿಷಯದಲ್ಲಿ ಅಷ್ಟು ಉದಾರತೆ ಇರಲೇಬೇಕು. ಆಲೂಗಡ್ಡೆಯ ಈ 'ಇ' ಎಂಥವರನ್ನೂ ಜಾರಿಸುತ್ತದೆ. 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಒಂದು ಶಾಲೆಗೆ ಹೋಗಿದ್ದರು. ಪೊಟೇಟೋ ಅಂತ ಬೋರ್ಡ್ ಮೇಲೆ ಸರಿಯಾಗಿ ಬರೆದಿದ್ದ ಹುಡುಗನಿಗೆ ಕೊನೆಯಲ್ಲಿ ಒಂದು 'ಇ' ಸೇರಿಸು ಅಂತ ಹೇಳಿಕೊಟ್ಟು ದೇಶವೆಲ್ಲ ನಗೆಪಾಟಲಾದರು. 'ಇ' ಬರುವುದು ಬಹುವಚನದಲ್ಲಿ, ಒಂದೇ ಆಲೂಗಡ್ಡೆ ಇದ್ದರೆ ಬರುವುದಿಲ್ಲ.

ಬರೆಯುವುದು 'ಎಸ್', ಆದರೆ ಟಿವಿಯಲ್ಲಿ 'ಡಾಗ್ಜ್' ಅಂದ ಹಾಗೆ ಕೇಳುತ್ತದಲ್ಲ?

ಸರಿಯಾಗೇ ಕೇಳಿಸಿದೆ. ಬರಹದಲ್ಲಿ ಒಂದೇ 'ಎಸ್', ಬಾಯಲ್ಲಿ ಮೂರು ಸದ್ದು. ಇಂಗ್ಲಿಷ್ ಮಕ್ಕಳಿಗಿಂತ ನಮಗೆ ಇದು ಸುಲಭ, ಯಾಕೆಂದರೆ ನಮ್ಮ ವರ್ಣಮಾಲೆಯಲ್ಲೇ ಸಾಲು ಕಟ್ಟಿಟ್ಟಿದ್ದಾರೆ. ವರ್ಗದ ಮೊದಲ ಅಕ್ಷರಗಳಾದ ಕ, ಟ, ಪ ಸದ್ದಲ್ಲಿ ಪದ ಮುಗಿದರೆ 'ಸ್': ಬುಕ್ಸ್, ಕ್ಯಾಟ್ಸ್, ಕಪ್ಸ್. ಮೂರನೇ ಅಕ್ಷರಗಳಾದ ಗ, ಡ, ಬ ಬಂದರೆ 'ಜ್' ಥರ: ಡಾಗ್ಜ್, ಬೆಡ್ಜ್, ಟಬ್ಜ್. ಮ, ನ, ರ, ಲ, ಸ್ವರಗಳೂ ಈ ಗುಂಪಿಗೇ ಸೇರಿದವು: ಪೆನ್ಜ್, ಬಾಲ್ಜ್, ಕೀಜ್. ಸ, ಜ, ಶ, ಚ ಬಂದರೆ 'ಇಜ್': ಬಸಿಜ್, ಬೆಂಚಿಜ್. ನಮ್ಮ ಜಾತ್ರೆಯ 'ಜ' ಅಲ್ಲ ಅದು, ಜೇನು ಗುಂಯ್‌ಗುಡುವಾಗ ಬರುವಂಥ ಸದ್ದು.

ಇದನ್ನು ಇಂಗ್ಲಿಷ್ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. 1958ರಲ್ಲಿ ಜೀನ್ ಬರ್ಕೊ ಅನ್ನುವ ಸಂಶೋಧಕಿ ಪುಟ್ಟ ಮಕ್ಕಳಿಗೆ ಒಂದು ವಿಚಿತ್ರ ಹಕ್ಕಿಯಂಥ ಚಿತ್ರ ತೋರಿಸಿ, ಇದು 'ವಗ್' ಅಂದರು. ಆಮೇಲೆ ಎರಡು ಚಿತ್ರ ತೋರಿಸಿ, ಈಗ ಇವು ಏನು ಅಂತ ಕೇಳಿದರು. ಪದ ಅವರೇ ಕಟ್ಟಿದ್ದು, ಮಕ್ಕಳು ಅದನ್ನು ಹಿಂದೆಂದೂ ಕೇಳಿರುವ ಸಾಧ್ಯತೆಯೇ ಇಲ್ಲ. ಆದರೂ ಹೆಚ್ಚಿನ ಮಕ್ಕಳು 'ವಗ್ಜ್' ಅಂದರು. ಅಂದರೆ ನಿಯಮ ಒಳಗೇ ಕೂತಿತ್ತು. ನಮ್ಮ ಮಕ್ಕಳೂ "ಹುಡುಗಂದಿರು" ಅನ್ನುವುದಿಲ್ಲ, "ಅಣ್ಣಗಳು" ಅನ್ನುವುದಿಲ್ಲ, ಯಾರು ಹೇಳಿಕೊಟ್ಟರು ಅವಕ್ಕೆ?

ಎಲೆಗೆ 'ಲೀವ್ಸ್' ಆದರೆ ಸೂರಿಗೆ 'ರೂವ್ಸ್' ಯಾಕಲ್ಲ?

ಲೀಫ್, ನೈಫ್, ವೈಫ್, ಥೀಫ್, ಕಾಫ್, ಹಾಫ್, ವುಲ್ಫ್, ಶೆಲ್ಫ್ ಇವೆಲ್ಲ ಹಳೇ ಇಂಗ್ಲಿಷಿನ ಮನೆಮಕ್ಕಳು. ಆಗ ಎರಡು ಸ್ವರಗಳ ನಡುವೆ 'ಫ' ಸಿಕ್ಕಿಕೊಂಡರೆ ಅದು 'ವ' ಆಗುತ್ತಿತ್ತು. ಬಹುವಚನದಲ್ಲಿ ಹಾಗೆ ಸಿಕ್ಕಿಕೊಳ್ಳುತ್ತಿತ್ತು, ಅದಕ್ಕೇ ಲೀವ್ಸ್, ನೈವ್ಸ್. ಚೀಫ್ ಬಂದದ್ದು ಫ್ರೆಂಚಿನಿಂದ, ಅದಕ್ಕೆ ಈ ಚಾಳಿ ಹತ್ತಲಿಲ್ಲ, 'ಚೀಫ್ಸ್' ಆಗೇ ಉಳಿಯಿತು. ರೂಫ್, ಪ್ರೂಫ್, ಬಿಲೀಫ್ ಕೂಡ 'ಎಫ್' ಬಿಡಲಿಲ್ಲ. ಸ್ಕಾರ್ಫಿಗೆ ಎರಡೂ ಸರಿ. ಮೈಸೂರು ವೀಳ್ಯದೆಲೆ ಒಂದು ಕಟ್ಟು ತಂದರೆ ಅದು ಬೀಟಲ್ ಲೀವ್ಸ್, 'ಲೀಫ್ಸ್' ಅಲ್ಲ.

ಮೌಸ್ ಮೈಸ್ ಆಗುತ್ತದೆ, ಶೀಪ್ ಶೀಪ್ ಆಗೇ ಇರುತ್ತದೆ. ಪ್ರಾಣಿಗಳಿಗೆ ಬೇರೆ ನಿಯಮ ಇದೆಯಾ?

ಪ್ರಾಣಿಗಳಿಗೆ ಅಂತ ಇಲ್ಲ, ಹಳೆಯ ಪದಗಳಿಗೆ ಇದೆ. ದಿನಾ ಬಾಯಲ್ಲಿ ಆಡುವ ಪದಗಳು ಬೇಗ ಬದಲಾಗುವುದಿಲ್ಲ. ಕಾಲು, ಹಲ್ಲು, ಇಲಿ, ಎತ್ತು, ಗಂಡಸು, ಹೆಂಗಸು, ಮಗು. ಹಳ್ಳಿಯ ಪದಗಳೇ ಎಲ್ಲ.

ಫುಟ್ ಫೀಟ್ ಆದದ್ದು ಹೀಗೆ. ಇಂಗ್ಲಿಷ್ ಬರವಣಿಗೆಗೆ ಇಳಿಯುವುದಕ್ಕೂ ಮುಂಚೆ ಈ ಪದದ ಬಹುವಚನ 'ಫೋಟಿಜ್' ಅನ್ನುವ ಥರ ಇತ್ತು. ಮುಂದೆ ಬರುವ 'ಇ'ಗೆ ನಾಲಿಗೆ ಮೊದಲೇ ಸಿದ್ಧವಾಗಿ, ಹಿಂದಿನ 'ಓ'ವನ್ನೂ ಆ ಕಡೆ ಎಳೆಯಿತು. ಆಮೇಲೆ ಬಾಲದ 'ಇ' ಉದುರಿತು, ಎಳೆಸಿಕೊಂಡ ಸ್ವರ ಮಾತ್ರ ಉಳಿಯಿತು. ಫೀಟ್, ಟೀತ್, ಗೀಸ್, ಮೈಸ್, ಮೆನ್ ಎಲ್ಲದರದೂ ಇದೇ ಕಥೆ. ಕಂಪ್ಯೂಟರ್ ಮೌಸಿಗೆ ಮೈಸ್ ಅಂದರೂ ಸರಿ, ಮೌಸಸ್ ಅಂದರೂ ಸರಿ.

ಗೂಸ್ ಗೀಸ್ ಆದರೆ ಮಂಗೂಸ್ 'ಮಂಗೀಸ್' ಆಗಬೇಕಲ್ಲ ಅಂತ ಮೈಸೂರು ಮೃಗಾಲಯಕ್ಕೆ ಹೋಗಿ ಬಂದ ಹುಡುಗಿ ಕೇಳಿದ್ದಳು. ಆಗುವುದಿಲ್ಲ, 'ಮಂಗೂಸಸ್'. ಅದು ಬಾತುಕೋಳಿಯ ಬಳಗದ ಪದವೇ ಅಲ್ಲ, ಮರಾಠಿಯ ದಾರಿಯಲ್ಲಿ ಇಂಗ್ಲಿಷಿಗೆ ಹೋದದ್ದು. ನಮ್ಮ ಮುಂಗುಸಿಗೂ ಅದಕ್ಕೂ ನಂಟಿದೆ. ಹೊರಗಿನಿಂದ ಬಂದವರಿಗೆ ಹಳೇ ಮನೆಯ ಪದ್ಧತಿ ಅನ್ವಯಿಸುವುದಿಲ್ಲ.

ಶೀಪ್, ಡಿಯರ್ ಮಾತ್ರ ಒಂದಾದರೂ ನೂರಾದರೂ ಹಾಗೇ. ಹಳೇ ಇಂಗ್ಲಿಷಲ್ಲಿ ನಪುಂಸಕಲಿಂಗದ ಕೆಲವು ಪದಗಳಿಗೆ ಬಹುವಚನದ ಬಾಲವೇ ಇರಲಿಲ್ಲ, ಇವೆರಡು ಆ ಕಾಲದವು. ಮಳವಳ್ಳಿ ಕಡೆಯ ಬಂಡೂರು ಕುರಿ ಒಂದು ತಂದರೂ ಬಂಡೂರು ಶೀಪ್, ಮಂದೆ ತಂದರೂ ಬಂಡೂರು ಶೀಪ್. ನಾವೂ "ಇಪ್ಪತ್ತು ಕುರಿ ಸಾಕಿದ್ದಾನೆ" ಅನ್ನುವವರೇ ತಾನೇ, ಹಾಗಾಗಿ ಈ ಪದ ಮಂಡ್ಯದವರಿಗೆ ತಪ್ಪುವುದೇ ಇಲ್ಲ. ಮೀನಿಗೂ ಸಾಮಾನ್ಯವಾಗಿ 'ಫಿಶ್'. ಬೇರೆ ಬೇರೆ ಜಾತಿಯ ಮೀನುಗಳ ಬಗ್ಗೆ ಹೇಳುವಾಗ ಮಾತ್ರ 'ಫಿಶಸ್'. ಎತ್ತಿಗೆ ಆಕ್ಸ್, ಆಕ್ಸನ್. ಹಳ್ಳಿಕಾರ್ ಜೋಡಿ ಕಟ್ಟಿದವರು 'ಎ ಪೇರ್ ಆಫ್ ಆಕ್ಸನ್' ಅನ್ನಲಿ, ಇಲ್ಲ 'ಬುಲಕ್ಸ್' ಅನ್ನಲಿ.

ಫರ್ನಿಚರ್ಸ್, ಲಗೇಜಸ್, ಇನ್ಫರ್ಮೇಶನ್ಸ್ ತಪ್ಪು ಅಂತಾರೆ. ಒಂದಕ್ಕಿಂತ ಜಾಸ್ತಿ ಇದ್ದರೂ ತಪ್ಪಾ?

ತಪ್ಪೇ. ಜಾಸ್ತಿ ಕೆಂಪು ಗೆರೆ ಬೀಳುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ಎಣಿಸುವ ವಸ್ತು ಬೇರೆ, ಅಳೆಯುವ ವಸ್ತು ಬೇರೆ ಅನ್ನುವುದು ನಮಗೂ ಗೊತ್ತು. ಹಾಲುಗಳು, ಮಣ್ಣುಗಳು, ಬೆಲ್ಲಗಳು ಅಂತ ನಾವು ಹೇಳುವುದಿಲ್ಲ. ಒಂದು ಲೋಟ ಹಾಲು, ಒಂದು ಬುಟ್ಟಿ ಮಣ್ಣು, ಒಂದು ಅಚ್ಚು ಬೆಲ್ಲ ಅಂತೀವಿ. ಆಲೆಮನೆ ನೋಡಿದವರಿಗೆ ಇದನ್ನು ಹೇಳಿಕೊಡಲೇಬೇಕಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವಾಗ ಬೆಲ್ಲ ಅಳೆಯುವ ವಸ್ತು, ಅಚ್ಚಿಗೆ ಹೊಯ್ದ ಮೇಲೆ ಎಣಿಸುವುದು ಅಚ್ಚನ್ನು, ಬೆಲ್ಲವನ್ನಲ್ಲ. ಇಂಗ್ಲಿಷಲ್ಲೂ ಹಾಗೇ: 'ಜ್ಯಾಗರಿ', 'ಎ ಬ್ಲಾಕ್ ಆಫ್ ಜ್ಯಾಗರಿ', 'ಟೂ ಬ್ಲಾಕ್ಸ್ ಆಫ್ ಜ್ಯಾಗರಿ'. ಶುಗರ್, ಶುಗರ್‌ಕೇನ್, ಪ್ಯಾಡಿ, ರೈಸ್, ಮಿಲ್ಕ್ ಯಾವುದಕ್ಕೂ 'ಎಸ್' ಇಲ್ಲ. ಬಿಸ್ಕೆಟ್ ಪೊಟ್ಟಣದ ಹಿಂದೆ 'ಶುಗರ್ಸ್' ಅಂತ ಇರುತ್ತದಲ್ಲ, ಅದು ಗ್ಲೂಕೋಸ್, ಸುಕ್ರೋಸ್ ಅಂತ ಸಕ್ಕರೆಯ ಬೇರೆ ಬೇರೆ ಬಗೆಗಳನ್ನು ಎಣಿಸಿದ್ದು. ಸಕ್ಕರೆ ನಾಡಿನವರು ಇಷ್ಟಾದರೂ ತಿಳಿದಿರಬೇಕು!

ತೊಂದರೆ ಎಲ್ಲಿ ಅಂದರೆ, ನಮಗೆ ಎಣಿಸುವಂತೆ ಕಾಣುವ ಕೆಲವನ್ನು ಇಂಗ್ಲಿಷ್ ಅಕ್ಕಿ ಬೇಳೆ ಥರ ರಾಶಿ ಹಾಕಿದೆ. ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್, ಜ್ಯುವೆಲ್ಲರಿ, ಇನ್ಫರ್ಮೇಶನ್, ಅಡ್ವೈಸ್, ಹೋಮ್‌ವರ್ಕ್, ಫೀಡ್‌ಬ್ಯಾಕ್, ಎವಿಡೆನ್ಸ್. ಕನ್ನಡದಲ್ಲಿ ಸಲಹೆಗಳು, ಒಡವೆಗಳು, ಪುರಾವೆಗಳು ಅಂತ ಧಾರಾಳವಾಗಿ ಹೇಳುತ್ತೇವೆ, ಆ ಧೈರ್ಯದಲ್ಲೇ 'ಅಡ್ವೈಸಸ್' ಬರುತ್ತದೆ. ನೆನಪಿಟ್ಟುಕೊಳ್ಳುವುದಕ್ಕೆ 'ಸಾಮಾನು' ಅನ್ನುವ ಪದ ಹಿಡಿಯಿರಿ. ಮನೆ ಖಾಲಿ ಮಾಡಿದಾಗ "ಸಾಮಾನು ತುಂಬಿದ್ರಾ?" ಅಂತ ಕೇಳುತ್ತೇವೆ. ಲಾರಿಯಲ್ಲಿ ಮಂಚ, ಬೀರು, ಕುರ್ಚಿ ಎಲ್ಲ ಇದ್ದರೂ ಒಟ್ಟು ರಾಶಿಗೆ ಒಂದೇ ಹೆಸರು. ಫರ್ನಿಚರ್ ಅಂದರೆ ಮರದ ಸಾಮಾನು, ಲಗೇಜ್ ಅಂದರೆ ಪ್ರಯಾಣದ ಸಾಮಾನು. ಎಣಿಸಲೇಬೇಕು ಅಂದರೆ 'ಎ ಪೀಸ್ ಆಫ್' ಸೇರಿಸಿ, ಇಲ್ಲವೇ ನೇರವಾಗಿ ಚೇರ್ಸ್, ಬ್ಯಾಗ್ಸ್ ಅನ್ನಿ.

ಕೂದಲು ಮಜವಾದ ಪದ. ತಲೆ ತುಂಬ ಇದ್ದರೆ 'ಹೇರ್', ಸಾರಿನಲ್ಲಿ ಎರಡು ಸಿಕ್ಕಿದರೆ 'ಟೂ ಹೇರ್ಸ್'. ಸ್ಟಾಫ್ ಅಂದರೆ ಇಡೀ ಸಿಬ್ಬಂದಿ, ಒಬ್ಬರನ್ನು 'ಎ ಸ್ಟಾಫ್' ಅನ್ನಲಾಗದು, 'ಎ ಸ್ಟಾಫ್ ಮೆಂಬರ್' ಅನ್ನಬೇಕು. "ತುಂಬ ಕೆಲಸ ಇದೆ" ಅನ್ನುವುದಕ್ಕೆ 'ಮೆನಿ ವರ್ಕ್ಸ್' ಅಲ್ಲ, 'ಎ ಲಾಟ್ ಆಫ್ ವರ್ಕ್'. ಹಾಗಾದರೆ 'ವರ್ಕ್ಸ್' ಅನ್ನುವ ಪದವೇ ಇಲ್ವಾ? ಇದೆ, ಕಾರ್ಖಾನೆ ಅನ್ನುವ ಅರ್ಥದಲ್ಲಿ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ ತಯಾರಿಸುವ ಮೈಸೂರಿನ ಕಂಪನಿ 1937ರಲ್ಲಿ ಶುರುವಾದಾಗ ಅದರ ಹೆಸರು ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಅಲ್ಲಿ 'ವರ್ಕ್ಸ್' ಇದ್ದರೂ ಕಾರ್ಖಾನೆ ಒಂದೇ.

ಒಂದು ಪ್ಯಾಂಟು, ಒಂದು ಕತ್ತರಿ. ಅದಕ್ಕೆ ಯಾಕೆ ಬಹುವಚನ?

ಕಾಲು ಎರಡು, ಅಲಗು ಎರಡು, ಗಾಜು ಎರಡು. ಅದಕ್ಕೇ ಟ್ರೌಸರ್ಸ್, ಸಿಸರ್ಸ್, ಸ್ಪೆಕ್ಟಕಲ್ಸ್. 'ಮೈ ಸ್ಪೆಕ್ಟಕಲ್ಸ್ ಆರ್ ಬ್ರೋಕನ್'. ಎಣಿಸುವಾಗ 'ಎ ಪೇರ್ ಆಫ್'. ಶರ್ಟಿಗೂ ತೋಳು ಎರಡು ಇದೆಯಲ್ಲ ಅಂತ ಒಬ್ಬರು ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಕ್ಕೆ ಉಲ್ಟಾ ಹೊಡೆಯುವವೂ ಇವೆ. ನ್ಯೂಸ್, ಮ್ಯಾಥಮ್ಯಾಟಿಕ್ಸ್, ಫಿಸಿಕ್ಸ್, ಎಕನಾಮಿಕ್ಸ್ ನೋಡಲು ಬಹುವಚನ, ನಡೆಯುವುದು ಏಕವಚನ. 'ಮ್ಯಾಥಮ್ಯಾಟಿಕ್ಸ್ ಈಸ್ ಡಿಫಿಕಲ್ಟ್'. ಕ್ಯಾಮೆರಾದ 'ಲೆನ್ಸ್' ಕೂಡ ಒಂದೇ, ಅದಕ್ಕೆ ಬಹುವಚನ ಲೆನ್ಸಸ್.

'ಒನ್ ಆಫ್ ಮೈ ಫ್ರೆಂಡ್' ಸರಿ ತಾನೇ? ಒಬ್ಬನೇ ಅಲ್ವಾ?

ಒಬ್ಬನೇ, ಆದರೆ ಯಾರೊಳಗಿನ ಒಬ್ಬ? ಗೆಳೆಯರಲ್ಲಿ ಒಬ್ಬ. "ಗೆಳೆಯನಲ್ಲಿ ಒಬ್ಬ" ಅನ್ನುತ್ತೀರಾ? ಹಾಗಾಗಿ 'ಒನ್ ಆಫ್ ಮೈ ಫ್ರೆಂಡ್ಸ್', ಕ್ರಿಯಾಪದ ಮಾತ್ರ ಆ ಒಬ್ಬನಿಗೆ ತಕ್ಕಂತೆ 'ಈಸ್'. ಈಚ್, ಎವ್ರಿ ಬಂದರೆ ಏಕವಚನ: 'ಎವ್ರಿ ಸ್ಟೂಡೆಂಟ್ ಹ್ಯಾಸ್'.

ಪೀಪಲ್‌ಗೆ 'ಆರ್' ಹಾಕಬೇಕಾ 'ಈಸ್' ಹಾಕಬೇಕಾ?

'ಆರ್'. ಜನ, ದನ, ಪೊಲೀಸ್ ಅಂತ ಪ್ರಾಸದಲ್ಲಿ ನೆನಪಿಡಿ. ಪೀಪಲ್, ಕ್ಯಾಟಲ್, ಪೊಲೀಸ್ ಮೂರಕ್ಕೂ 'ಎಸ್' ಕಾಣುವುದಿಲ್ಲ, ಒಳಗೆ ಬಹುವಚನ ಇದೆ. ಕನ್ನಡದಲ್ಲೂ ಜನ ಬಂದರು, ದನ ಬಂದವು ಅಂತೀವಿ, 'ಗಳು' ಕೇಳುವುದಿಲ್ಲ. 'ಕ್ಯಾಟಲ್ಸ್' ಅಂತ ಬರೆದರೆ ತಪ್ಪು. 'ಪೀಪಲ್ಸ್' ಅಂದರೆ ಬೇರೆ ಬೇರೆ ಜನಾಂಗಗಳು ಅಂತ ಆಗುತ್ತದೆ.

'ಐ ಆಮ್ ಆನ್ ಅಲಮ್ನಿ' ಅಂತ ಎಲ್ಲರೂ ಬರೆಯುತ್ತಾರಲ್ಲ?

ಎಲ್ಲರೂ ತಪ್ಪೇ ಬರೆಯುತ್ತಾರೆ. ಒಬ್ಬ ಹಳೆ ವಿದ್ಯಾರ್ಥಿ ಅಲಮ್ನಸ್, ಒಬ್ಬಳು ಹಳೆ ವಿದ್ಯಾರ್ಥಿನಿ ಅಲಮ್ನ, ಎಲ್ಲ ಸೇರಿದರೆ ಅಲಮ್ನಿ. ಲ್ಯಾಟಿನ್, ಗ್ರೀಕ್ ಪದಗಳು ತಮ್ಮ ಊರಿನ ಬಹುವಚನವನ್ನೂ ಗಂಟು ಕಟ್ಟಿಕೊಂಡು ಬಂದಿವೆ. ಕ್ರೈಟೀರಿಯನ್ ಒಂದು, ಕ್ರೈಟೀರಿಯಾ ಹಲವು. ಕ್ರೈಸಿಸ್ ಒಂದು, ಕ್ರೈಸೀಸ್ ಹಲವು. ಬ್ಯಾಕ್ಟೀರಿಯಾ ಅನ್ನುವುದೇ ಬಹುವಚನ. ಡೇಟಾ ಕೂಡ ಹುಟ್ಟಿನಿಂದ ಬಹುವಚನ, ಈಗ 'ಡೇಟಾ ಈಸ್' ಅಂದರೂ ಒಪ್ಪುತ್ತಾರೆ, ಮೊಬೈಲ್ ಡೇಟಾ ಖಾಲಿಯಾದಾಗ 'ಆರ್' ಹುಡುಕುವಷ್ಟು ತಾಳ್ಮೆ ಯಾರಿಗಿದೆ. ಅಜೆಂಡಾ ಪೂರ್ತಿ ಏಕವಚನ ಆಗಿಬಿಟ್ಟಿದೆ.

ಸಿಲಬಸ್ಸಿಗೆ 'ಸಿಲಬಸಸ್' ಅಂದರೂ ಸರಿ, 'ಸಿಲಬೈ' ಅಂದರೂ ಸರಿ. 'ಸಿಲಬೈ' ಅಂತ ಗತ್ತಿನಿಂದ ಹೇಳುವವರಿಗೆ ಒಂದು ವಿಷಯ: ಆ ಪದ ಹುಟ್ಟಿದ್ದೇ ಒಂದು ತಪ್ಪಿನಿಂದ. ರೋಮಿನ ಸಿಸೆರೋ ಬರೆದ ಪತ್ರಗಳನ್ನು ಹಳೆಯ ಕಾಲದಲ್ಲಿ ಅಚ್ಚು ಹಾಕುವಾಗ 'ಸಿಟ್ಟಿಬಾಸ್' ಅನ್ನುವ ಬೇರೆಯೇ ಪದವನ್ನು ಹೀಗೆ ಓದಿಕೊಂಡರು.

ಇನ್ನು ಬಸ್ಸು. ಲ್ಯಾಟಿನ್ನಲ್ಲಿ 'ಓಮ್ನಿಬಸ್' ಅಂದರೆ ಎಲ್ಲರಿಗೂ. 'ಓಮ್ನಿ' ಕತ್ತರಿಸಿ ಎಸೆದು ಉಳಿದದ್ದನ್ನು ಬಸ್ ಅಂದರು. ಅಂದರೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನಾವು ಕಾಯುವುದು ಒಂದು ಬಹುವಚನದ ಬಾಲಕ್ಕೆ, 'ಎಲ್ಲರಿಗೂ' ಅನ್ನುವುದರ 'ರಿಗೂ'ಗೆ. ಆ ಬಾಲಕ್ಕೆ ಇಂಗ್ಲಿಷಿನವರು 'ಇ ಎಸ್' ಹಚ್ಚಿದರು, ನಾವು 'ಗಳು' ಹಚ್ಚಿದೆವು.

ಇಬ್ಬರು ಅತ್ತೆಯರಿಗೆ 'ಮದರ್ ಇನ್ ಲಾಸ್' ಅನ್ನಬಹುದಾ?

ಮಾತಲ್ಲಿ ಕೇಳಿಬರುತ್ತದೆ, ಬರಹದಲ್ಲಿ 'ಮದರ್ಸ್ ಇನ್ ಲಾ'. ಎಣಿಸುತ್ತಿರುವುದು ಅಮ್ಮಂದಿರನ್ನು, ಕಾನೂನನ್ನಲ್ಲ. ಭಾವಮೈದುನರು 'ಬ್ರದರ್ಸ್ ಇನ್ ಲಾ', ನಾದಿನಿಯರು 'ಸಿಸ್ಟರ್ಸ್ ಇನ್ ಲಾ', ದಾರಿಹೋಕರು 'ಪಾಸರ್ಸ್ ಬೈ'. ಮುಖ್ಯ ಪದ ಕೊನೆಯಲ್ಲಿದ್ದರೆ ಅಲ್ಲೇ 'ಎಸ್': ಡೆಪ್ಯುಟಿ ಕಮಿಷನರ್ಸ್.

ಬೋರ್ಡುಗಳಲ್ಲಿ 'ಎಸ್' ಹಿಂದೆ ಮೇಲೆ ಒಂದು ಕೊಂಬು ಇರುತ್ತದಲ್ಲ?

ಅದು ಅಪಾಸ್ಟ್ರಫಿ. ಬಹುವಚನಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದು ನಮ್ಮ 'ಅವರ', 'ಇದರ' ಅನ್ನುವ ಷಷ್ಠಿ. ಮೈಸೂರಿನ ಮಹಾರಾಜಾಸ್ ಕಾಲೇಜಿನ ಹೆಸರಲ್ಲಿ ಕೊಂಬು ಇದೆ, ಯಾಕೆಂದರೆ ಅದು ಮಹಾರಾಜರ ಕಾಲೇಜು, ಮಹಾರಾಜರುಗಳು ಅಂತಲ್ಲ. ಇಡ್ಲಿ, ದೋಸೆ, ಟೈಲರ್, ಮೊಬೈಲ್ ಇವಕ್ಕೆ ಬಹುವಚನ ಮಾಡುವಾಗ ಕೊಂಬು ಬೇಡ. ಹುಡುಗರ ಹಾಸ್ಟೆಲ್ ಅನ್ನುವಾಗ ಮೊದಲು 'ಬಾಯ್ಸ್' ಬರೆದು 'ಎಸ್' ಆದ ಮೇಲೆ ಕೊಂಬು. ಮಕ್ಕಳ ಅನ್ನುವುದಕ್ಕೆ 'ಚಿಲ್ಡ್ರನ್' ಬರೆದು ಕೊಂಬು ಇಟ್ಟು 'ಎಸ್'. ನನ್ನ ಕ್ಲಾಸಿನ ಮೊದಲ ಬೋರ್ಡಿನಲ್ಲೇ ಪೇಂಟರ್ 'ಕ್ಲಾಸಸ್' ಅನ್ನುವುದಕ್ಕೆ ಚೆಂದದ ಕೆಂಪು ಕೊಂಬು ಇಟ್ಟಿದ್ದ. ಎರಡು ತಿಂಗಳು ಅದರ ಕೆಳಗೇ ಕೂತು ಅಪಾಸ್ಟ್ರಫಿ ಪಾಠ ಮಾಡಿದ್ದೇನೆ.

ಕನ್ನಡ ಮಾತಾಡುವಾಗ 'ಪೇರೆಂಟ್ಸ್‌ಗಳು', 'ಫ್ರೆಂಡ್ಸುಗಳು', 'ಒಬ್ಬ ಲೇಡೀಸ್' ಅಂದರೆ ನಗುತ್ತಾರೆ. ಬಿಡಬೇಕಾ?

ಇಂಗ್ಲಿಷ್ ಮಾತಾಡುವಾಗ ಬಿಡಿ, ಅಲ್ಲಿ 'ಎ ಲೇಡಿ'. ಕನ್ನಡ ಬರೆಯುವಾಗ ತಂದೆತಾಯಿ, ಗೆಳೆಯರು ಅಂದರೆ ಮುಗಿಯಿತು. ಮಾತಿನಲ್ಲಿ ಬಂದರೆ ಅಷ್ಟು ನಾಚಿಕೆ ಪಡುವಂಥದ್ದೇನಲ್ಲ, ಯಾಕೆಂದರೆ ಇಂಗ್ಲಿಷಿನವರೂ ಇದನ್ನೇ ಮಾಡಿದ್ದಾರೆ. 'ಚಿಲ್ಡ್ರನ್' ಪದವನ್ನೇ ಬಿಡಿಸಿ ನೋಡಿ. ಹಳೆಯ ಬಹುವಚನ 'ಚಿಲ್ಡ್ರು', ಆಮೇಲೆ 'ಚಿಲ್ಡ್ರೆ'. ಅದರಲ್ಲಿರುವ 'ರ'ಕಾರವೇ ಬಹುವಚನದ ಗುರುತು. ಅದು ಜನಕ್ಕೆ ಸಾಕಾಗಲಿಲ್ಲ, ಆಕ್ಸನ್‌ನಲ್ಲಿರುವ 'ಎನ್' ತಂದು ಅದರ ಮೇಲೆ ಇನ್ನೊಂದು ಬಹುವಚನ ಹೇರಿದರು. ಚಿಲ್ಡ್ರನ್ ಅಂದರೆ ಲೆಕ್ಕಕ್ಕೆ ಮಕ್ಕಳುಗಳು. ಪೇರೆಂಟ್ಸ್‌ಗಳು ಅನ್ನುವುದೂ ಅದೇ ಕೆಲಸ ತಾನೇ?

ಉಲ್ಟಾ ಕೂಡ ಮಾಡಿದ್ದಾರೆ. ಬಟಾಣಿಗೆ ಮೊದಲು 'ಪೀಸ್' ಅನ್ನುವ ಪದ ಇತ್ತು, ಅದು ಏಕವಚನವೇ. ಕೊನೆಯ ಸದ್ದನ್ನು ಬಹುವಚನದ 'ಎಸ್' ಅಂದುಕೊಂಡು ಜನ ಅದನ್ನು ಕಿತ್ತುಹಾಕಿ, ಒಂದು ಕಾಳಿಗೆ 'ಪೀ' ಅಂತ ಹೊಸ ಪದ ಮಾಡಿಕೊಂಡರು. ಚೆರ್ರಿ ಹಣ್ಣಿಗೂ ಇದೇ ಗತಿ, ಫ್ರೆಂಚಿನಿಂದ 'ಚೆರೀಸ್' ಅಂತ ಬಂದದ್ದರ ಬಾಲ ಕತ್ತರಿಸಿದರು. ನಮ್ಮ ಬಸ್‌ಸ್ಟ್ಯಾಂಡ್ ಅಜ್ಜಿ "ಒಬ್ಬ ಲೇಡೀಸು ಕೂತವ್ಳೆ, ಅವಳ ಪಕ್ಕ ಕೂತ್ಕೋ" ಅಂದಾಗ ನಗುವ ಡಿಗ್ರಿ ಹುಡುಗರಿಗೆ ನಾನು ಈ ಬಟಾಣಿಯ ಕಥೆ ಹೇಳುತ್ತೇನೆ. ಅಜ್ಜಿ ಬಾಲ ಉಳಿಸಿಕೊಂಡರು, ಇಂಗ್ಲಿಷಿನವರು ಬಾಲ ಕತ್ತರಿಸಿದರು, ಅಷ್ಟೇ ವ್ಯತ್ಯಾಸ.